ಕಾವಲಿಯಿಂದ ಇಪ್ಪತ್ತು ಹೆಜ್ಜೆ

"ಇವನಿಗೆ ಎಲ್ಲರ ಸ್ವರ ಬರ್ತದೆ, ಕೆಲಸ ಒಂದು ಬರುದಿಲ್ಲ" ಎಂದೇ ಅಮ್ಮ ಮನೆಗೆ ಬಂದವರಿಗೆ ನನ್ನನ್ನು ಪರಿಚಯಿಸುವುದು. ಅರ್ಧ ಸುಳ್ಳು. ಕೆಲಸ ಇದೆ. ಡೊಂಬಿವಲಿಯಿಂದ ಥಾಣೆಗೆ ಒಂದು ಲೋಕಲ್, ಅಲ್ಲಿಂದ ಐರೋಲಿಗೆ ಇನ್ನೊಂದು. ಇಳಿದು ಸ್ವಲ್ಪ ನಡೆದರೆ ಗಾಜಿನ ಕಟ್ಟಡ. ಅದರ ಆರನೆಯ ಮಹಡಿಯಲ್ಲಿ ಕೂತು ನಾನು ಹೊರದೇಶದ ದೊಡ್ಡ ಕಂಪನಿಗಳಿಗೆ ಸ್ಲೈಡ್ ಮಾಡಿಕೊಡುತ್ತೇನೆ. ವಿಷಯ, ಸುಸ್ಥಿರ ಅಭಿವೃದ್ಧಿ. ಅಂದರೆ ಈ ಭೂಮಿಯ ಮೇಲೆ ಎಲ್ಲರೂ ಇನ್ನೂ ಬಹಳ ಕಾಲ ನೆಟ್ಟಗೆ ಬದುಕಬೇಕಾದರೆ ಏನು ಮಾಡಬೇಕು ಎಂಬುದನ್ನು, ಬೆಳಗಿನ ಲೋಕಲ್‌ನಲ್ಲಿ ನೆಟ್ಟಗೆ ನಿಲ್ಲಲಿಕ್ಕೂ ಜಾಗ ಸಿಗದ ನಾನು, ಬಣ್ಣ ಹಚ್ಚಿ ತೋರಿಸುತ್ತೇನೆ.

ಈಚೆಗೆ ಒಂದೇ ಸ್ಲೈಡಿನ ಮೇಲೆ ಇಡೀ ವಾರ ಹೋಯಿತು. ಜಗತ್ತಿನ ಅಭಿವೃದ್ಧಿಯದೊಂದು ದೊಡ್ಡ ವೃತ್ತ. ಸುತ್ತ ನೀರು, ವಿದ್ಯುತ್ತು, ನಗರ, ಉದ್ಯೋಗ. ನಡುವೆ ಏನಿರಬೇಕು? ಆರೋಗ್ಯ ಮತ್ತು ಸಮಾನತೆ. ಇದರಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಬಣ್ಣದ್ದು. ಹಸಿರು ಕೊಟ್ಟರೆ, ಅದು ಪರಿಸರದ ಬಣ್ಣ ಎಂದರು. ಕೆಂಪು ಕೊಟ್ಟರೆ, ನೋಡುವವರಿಗೆ ಹೆದರಿಕೆಯಾಗುತ್ತದೆ ಎಂದರು. ನಾಲ್ಕು ಮೀಟಿಂಗ್ ಆದ ಮೇಲೆ ಕಿತ್ತಳೆ ಗೆದ್ದಿತು. ನಮ್ಮ ಮ್ಯಾನೇಜರ್ ಹಣೆ ಒರೆಸಿಕೊಂಡು "ಫೈನಲಿ, ಹೆಲ್ತ್ ಈಸ್ ಅಟ್ ದ ಸೆಂಟರ್" ಎಂದರು. ನಾನು ಅದನ್ನೇ ಅವರ ಸ್ವರದಲ್ಲಿ ಇನ್ನೊಮ್ಮೆ ಹೇಳಿದೆ. ಎಲ್ಲರೂ ನಕ್ಕರು, ಅವರೊಬ್ಬರನ್ನು ಬಿಟ್ಟು. ಈ ವರ್ಷ ನನ್ನ ಬಡ್ತಿಯೂ ನಗಲಿಲ್ಲ.

ಆಫೀಸಿನ ಹುಚ್ಚು ಸಾಲದೆಂದು ಅದೇ ವೃತ್ತವನ್ನು ನಾನು ನಮ್ಮ ಕನ್ನಡ ಸಂಘಕ್ಕೂ ಹೊತ್ತುಕೊಂಡು ಹೋದೆ. ಸಂಘ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ಶಿಬಿರ ಮಾಡುತ್ತದೆ. ಈ ಸಲ ಅದಕ್ಕೊಂದು ಘನವಾದ ಹೆಸರು ಬೇಕೆಂದು ಅಧ್ಯಕ್ಷರು ಕೇಳಿದರು. ತಯಾರು ಮಾಲು ಇತ್ತಲ್ಲ, ಎತ್ತಿ ಕೊಟ್ಟೆ: 'ಆರೋಗ್ಯ ಮತ್ತು ಸಮಾನತೆ, ಬಾಳುವ ಅಭಿವೃದ್ಧಿಯ ಕೇಂದ್ರ'. ಬ್ಯಾನರಿನ ಕೆಳಗೆ ಇನ್ನೊಂದು ಸಾಲು: 'ಹೋಟೆಲ್ ಕಾರ್ಮಿಕ ಬಂಧುಗಳಿಗೆ ವಿಶೇಷ ಆದ್ಯತೆ'. ಅದೂ ನನ್ನದೇ.

ಅಧ್ಯಕ್ಷರಿಗೆ ತುರ್ಭೆಯಲ್ಲಿ ಒಂದು ಶಾಕಾಹಾರಿ ಹೋಟೆಲು. ಕೆಲಸದವರ ಬಾಯಲ್ಲಿ ಅವರು 'ಧಣಿ'. ಯಾವ ಮಾತೂ 'ಏನುಂಟು ಅಂದ್ರೆ' ಎಂದಲ್ಲದೆ ಶುರುವಾಗದು; ಸ್ವರ ಸ್ಟೀಲ್ ಲೋಟದೊಳಗಿಂದ ಬಂದ ಹಾಗೆ. ನನ್ನ ಸಂಗ್ರಹದಲ್ಲಿ ಅದಕ್ಕಿಂತ ಪಕ್ಕಾ ಸ್ವರ ಇನ್ನೊಂದಿಲ್ಲ. ಒಮ್ಮೆ ಫೋನಿನಲ್ಲಿ ಅವರ ಹೆಂಡತಿಯೇ ಮೋಸಹೋಗಿ, ಬರುವಾಗ ಒಂದು ಕಟ್ಟು ಕೊತ್ತಂಬರಿ ತನ್ನಿ ಎಂದು ನನಗೆ ಹೇಳಿದ್ದರು.

ಶಿಬಿರ ಯಾವತ್ತು? ಸಮಿತಿಯ ಸಭೆಯಲ್ಲಿ ಒಬ್ಬರು, "ಸಂಡೇ ಬೆಳಿಗ್ಗೆ. ಎಲ್ಲರಿಗೂ ರಜೆ" ಎಂದರು. ಒಪ್ಪುವವರು ಕೈ ಎತ್ತಿ ಎಂದಾಗ ಮೊದಲು ಮೇಲೆ ಹೋದದ್ದು ನನ್ನ ಕೈ. ಭಾನುವಾರ ಬೆಳಿಗ್ಗೆ ಹೋಟೆಲ್ ಕೆಲಸದವನಿಗೆ ಸಾಯಲಿಕ್ಕೂ ಪುರುಸೊತ್ತಿರುವುದಿಲ್ಲ ಎಂಬುದು ಆ ಸಭೆಯಲ್ಲಿ ಯಾರಿಗೆ ಗೊತ್ತಿರಲಿಲ್ಲ? ಮೂವರು ಹೋಟೆಲ್ ಮಾಲಕರಿದ್ದರು. ಹೋಟೆಲ್ ಕೆಲಸದವನ ಸೋದರಳಿಯ ಒಬ್ಬನಿದ್ದ, ಅದು ನಾನು. ಹೋಟೆಲ್ ಕೆಲಸದವನೊಬ್ಬ ಇರಲಿಲ್ಲ, ಅಷ್ಟೇ.

ಸಾಲದ್ದಕ್ಕೆ, ಖಾಲಿ ಹೊಟ್ಟೆಯಲ್ಲಿ ಪರೀಕ್ಷೆಗೆ ರಕ್ತ ಕೊಟ್ಟವರಿಗೆ ತಿಂಡಿ ಆಗಬೇಕಲ್ಲ ಎಂಬ ಪ್ರಶ್ನೆ ಬಂತು. ಅಧ್ಯಕ್ಷರು ಎದೆ ಮುಟ್ಟಿಕೊಂಡು ಹೇಳಿದರು: "ಏನುಂಟು ಅಂದ್ರೆ, ಅದು ನನಗೆ ಬಿಡಿ. ಲೈವ್ ದೋಸೆ ಕೌಂಟರ್! ನಮ್ಮ ದೋಸೆಯವನನ್ನೇ ಕಾವಲಿ ಸಮೇತ ಐರೋಲಿಗೆ ತರ್ಸುವಾ." ಎಲ್ಲರೂ ಚಪ್ಪಾಳೆ ತಟ್ಟಿದರು. ಆ ದೋಸೆಯವನು ನನ್ನ ಮಾವ, ಅಮ್ಮನ ತಮ್ಮ.

ಮಾವ ಆ ಕಾವಲಿಯ ಮುಂದೆ ನಿಂತದ್ದು ನಾನು ಹುಟ್ಟುವ ಮೊದಲು. ಮದುವೆಯಾಗಲಿಲ್ಲ, ಕೇಳಿದರೆ, "ಇವಳೊಬ್ಬಳು ಸಾಕು, ದಿನಾ ಸುಡ್ತಾಳೆ" ಎಂದು ಕಾವಲಿಯನ್ನು ತೋರಿಸುತ್ತಾನೆ. ಹೋಟೆಲಿನ ಹಿಂದಿನ ಕೋಣೆಯಲ್ಲಿ ಉಳಿದ ಕೆಲಸದವರ ಜೊತೆ ವಾಸ. ತಿಂಗಳಿಗೆ ಒಂದೆರಡು ಸಲ ಡೊಂಬಿವಲಿಗೆ, ನಮ್ಮ ಮನೆಗೆ ಬರುತ್ತಾನೆ. ಅಕ್ಕನ ಬೈಗುಳ ತಿಂದು, ಊಟ ಮಾಡಿ ಹೋಗುತ್ತಾನೆ. ಅವನು ಮೆಟ್ಟಿಲಿಳಿದ ಕೂಡಲೇ ನಾನು ಅವನ ನಡಿಗೆ ಮಾಡಿ ತೋರಿಸುತ್ತಿದ್ದೆ. ದಸರಾದಿಂದೀಚೆಗೆ ಆ ನಡಿಗೆಯಲ್ಲಿ ಹೊಸದೊಂದು ಸೇರಿತ್ತು: ಎಡಗಾಲು ಊರುವಾಗ ಅರ್ಧ ಕ್ಷಣ ತಡ, ಬಲ ಭುಜ ಸ್ವಲ್ಪ ಕೆಳಗೆ. ಅದನ್ನೂ ಹಿಡಿದಿದ್ದೆ. ಅಮ್ಮ ನಗುತ್ತಲೇ, "ಪಾಪ, ಬಿಡೋ" ಎನ್ನುತ್ತಿದ್ದಳು.

ಶಿಬಿರದ ದಿನ ಐರೋಲಿಯ ಸಭಾಭವನದ ಒಂದು ತುದಿಯಲ್ಲಿ ಡಾಕ್ಟರ ಮೇಜು, ಇನ್ನೊಂದು ತುದಿಯಲ್ಲಿ ಬಾಗಿಲ ಬಳಿ ಮಾವನ ಕಾವಲಿ. ನಡುವೆ ಇಪ್ಪತ್ತು ಹೆಜ್ಜೆ. ಆಮೇಲೆ ನಾನೇ ನಡೆದು ನೋಡಿದ್ದೇನೆ. ಮೈಕು ನನ್ನ ಕೈಯಲ್ಲಿ. ಅಧ್ಯಕ್ಷರು ನಾನು ಬರೆದುಕೊಟ್ಟ ಭಾಷಣ ಓದಿದರು: "ಆರೋಗ್ಯ ಮೊದಲು, ಉಳಿದದ್ದು ಆಮೇಲೆ. ಕಟ್ಟಕಡೆಯವನ ಆರೋಗ್ಯ ಕೆಟ್ಟರೆ ಮೇಲಿನವನ ಅಭಿವೃದ್ಧಿ ಬಾಳುವುದಿಲ್ಲ." ನಾನು ಬರೆದದ್ದಾದರೂ ನನಗೇ ರೋಮಾಂಚನವಾಯಿತು.

ಬಂದವರು ಯಾರು? ಕೈಗೆ ಹೆಜ್ಜೆ ಎಣಿಸುವ ಗಡಿಯಾರ ಕಟ್ಟಿಕೊಂಡ ನನ್ನಂಥವರು. ವಾಕಿಂಗ್ ಮುಗಿಸಿ ಅದೇ ಬೂಟಿನಲ್ಲಿ ಬಂದ ಆಂಟಿಯರು. ಇವರಿಗೆಲ್ಲ ತಮ್ಮ ತಮ್ಮ ಡಾಕ್ಟರಿದ್ದಾರೆ. ಎರಡನೆಯ ಅಭಿಪ್ರಾಯಕ್ಕೆ ಬಂದಿದ್ದರು. ಮೂರನೆಯದು ದೋಸೆ. ಹೋಟೆಲ್ ಕಾರ್ಮಿಕ ಬಂಧು ಅಂತ ಇದ್ದವನು ಒಬ್ಬನೇ, ಅವನು ವಿಶೇಷ ಆದ್ಯತೆಯಿಂದ ಕಾವಲಿಗೆ ನೀರು ಚಿಮುಕಿಸುತ್ತಿದ್ದ. ಡಾಕ್ಟರ ಮುಂದಿನ ಸಾಲಿಗಿಂತ ಅವನ ಮುಂದಿನ ಸಾಲು ಉದ್ದ.

"ನಂದು ಶುಗರ್ ಟೆಸ್ಟ್ ಆಯ್ತು. ಈಗ ಎರಡು ಮಸಾಲೆ ಕೊಡಿ, ಬೆಣ್ಣೆ ಜಾಸ್ತಿ" ಎಂದರು ಒಬ್ಬ ಆಂಟಿ.

"ಅಂಕಲ್, ಮೇರಾವಾಲಾ ಏಕ್‌ದಮ್ ಕ್ರಿಸ್ಪ್!" ಅವರ ಮಗಳು.

ಜನರನ್ನು ನಗಿಸೋಣವೆಂದು ನಾನು ಮಾವನ ಪಕ್ಕ ಹೋಗಿ ಅವನ ಹಾಗೆಯೇ ನಿಂತೆ: ಭಾರವೆಲ್ಲ ಬಲಗಾಲಿನ ಮೇಲೆ, ಎಡಗಾಲು ಹಿಮ್ಮಡಿ ಎತ್ತಿ, ಕೆಸರಿನಲ್ಲಿ ಮೀನಿಗೆ ಕಾದ ಕೊಕ್ಕರೆಯಂತೆ. ಸಾಲಿನಲ್ಲಿದ್ದವರು ನಕ್ಕರು. ಮಾವ ನಗಲಿಲ್ಲ. "ನಗಾಡ್ಬೇಡ ಮಾರಾಯ, ಪ್ಲೇಟ್ ಕೊಡು" ಎಂದ. ಅವಸರದಲ್ಲಿ ಸೌಟು ಕೆಳಗೆ ಬಿತ್ತು. ಹೆಕ್ಕಲು ಬಗ್ಗಿದಾಗ ಅವನ ಪಾಯಿಜಾಮದ ಅಂಚು ಮೇಲೆ ಹೋಯಿತು. ಕಣಕಾಲಿನ ಮೇಲೆ ಏನೋ ಹೊಳೆಯಿತು.

"ಇದೆಂತ ಮಾವಾ?"

"ಹಾಲಿನ ಪ್ಯಾಕೆಟ್."

"ಅದು ನನಗೂ ಕಾಣ್ತದೆ. ಕಾಲಿಗೆ ಯಾಕೆ?"

"ಒಳಗೆ ಸ್ವಲ್ಪ ಗಾಯ ಉಂಟು. ಮೇಲಿಂದ ಹಿಟ್ಟು ಬೀಳ್ಬಾರ್ದಲ್ಲ, ತೊಳ್ದು ಕಟ್ಟಿದ್ದು. ಕ್ಲೀನ್ ಉಂಟು."

"ಯಾವಾಗಿಂದ?"

"ದಸರಾಕ್ಕೆ ಶುರುವಾದದ್ದು. ದೊಡ್ಡದಲ್ಲ."

ಶಿವರಾತ್ರಿ ಹತ್ತಿರ ಬಂದಿತ್ತು. ಅಷ್ಟು ತಿಂಗಳು ನಾನು ಆ ಕಾಲಿನ ಅರ್ಧ ಕ್ಷಣದ ತಡವನ್ನು ಕೂಡ ಬಿಡದೆ ಅನುಕರಿಸಿದ್ದೆ. ಯಾಕೆ ತಡ ಎಂದು ಒಮ್ಮೆಯೂ ಕೇಳಿರಲಿಲ್ಲ. ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂತೆಂದರೆ, ನಾನದನ್ನು ಮಾವನ ಮೇಲೆ ತೀರಿಸಿದೆ.

"ಹೇಳ್ಲಿಕ್ಕೆ ಬಾಯಿ ಇಲ್ವಾ ನಿನಗೆ? ಅಲ್ಲಿ ನೋಡು, ಡಾಕ್ಟ್ರು ಕೂತಿದ್ದಾರೆ. ನಡಿ!"

"ಮೆಲ್ಲ ಮಾತಾಡು. ಧಣಿಗೆ ಗೊತ್ತಾದ್ರೆ ಕಾವಲಿ ಹೋಗ್ತದೆ."

ಅವನು ಹೇಳಿದ್ದು ಹೋಟೆಲಿನ ಅಡುಗೆಮನೆಯ ಬಾಗಿಲಲ್ಲಿರುವ ಬೋರ್ಡಿನ ವಿಷಯ: 'ಗಾಯ, ಕೆಮ್ಮು, ಜ್ವರ ಇದ್ದವರಿಗೆ ಪ್ರವೇಶವಿಲ್ಲ'. ಒಳ್ಳೆಯ ನಿಯಮ, ತಿನ್ನುವವರ ಆರೋಗ್ಯಕ್ಕೆ. ಆದರೆ ಪ್ರವೇಶವಿಲ್ಲದವನು ಎಲ್ಲಿಗೆ ಹೋಗಬೇಕು ಎಂದು ಬೋರ್ಡು ಹೇಳುವುದಿಲ್ಲ. ಹಾಗಾಗಿ ಆ ಅಡುಗೆಮನೆಯಲ್ಲಿ ಯಾರಿಗೂ ಗಾಯವಿಲ್ಲ, ಕೆಮ್ಮಿಲ್ಲ, ಜ್ವರವಿಲ್ಲ. ನಮ್ಮ ಸಂಘದ ಸದಸ್ಯರೆಲ್ಲರಿಗಿಂತ ಅವರೇ ಆರೋಗ್ಯವಂತರು.

"ಕಾವಲಿ ನಾನು ನೋಡ್ಕೊಳ್ತೇನೆ, ನೀನು ಹೋಗು" ಎಂದು ಸೌಟು ಕಿತ್ತುಕೊಂಡೆ. ಮಾವ ದೋಸೆ ಹೊಯ್ಯುವುದು ನನಗೆ ಬಾಯಿಪಾಠ: ಮಣಿಕಟ್ಟು ತಿರುಗಿಸುವ ರೀತಿ, ಎಣ್ಣೆ ಬಿಡುವಾಗ ಮುಂದೆ ಬರುವ ಕೆಳತುಟಿ, ಎಬ್ಬಿಸುವ ಮುಂಚೆ ಮೂಗಿನಿಂದ ಒಂದು ಹೂಂಕಾರ. ಎಲ್ಲವನ್ನೂ ಮಾಡಿದೆ. ದೋಸೆಯೊಂದು ಆಗಲಿಲ್ಲ. ಮಹಾರಾಷ್ಟ್ರದ ನಕ್ಷೆಯಂಥದ್ದೇನೋ ಬಂತು. ಕೊಂಕಣ ಕರಕಲು, ವಿದರ್ಭ ಹಸಿ.

"ಯೇ ಕ್ಯಾ ಹೈ?" ಎಂದಳು ಕ್ರಿಸ್ಪ್ ಕೇಳಿದ ಹುಡುಗಿ. ಸಾಲು ಗದ್ದಲವೆಬ್ಬಿಸಿತು. ಅಧ್ಯಕ್ಷರು ಓಡಿಬಂದರು. "ಏನುಂಟು ಅಂದ್ರೆ, ಮೈಕ್ ನಿನಗೆ, ಕಾವಲಿ ಅವನಿಗೆ. ಅವರವರ ಕೆಲಸ ಅವರವರು ಮಾಡ್ಬೇಕು!" ಮಾವ ಅಷ್ಟರಲ್ಲಿ ನಾಲ್ಕು ಹೆಜ್ಜೆ ಹೋಗಿದ್ದ. ತಿರುಗಿ ಬಂದ. ಹದಿನಾರು ಬಾಕಿ.

ಅತ್ತ ಡಾಕ್ಟರು ಸ್ಟೆತೊಸ್ಕೋಪ್ ಸುತ್ತಿ ಚೀಲಕ್ಕೆ ಹಾಕುತ್ತಿದ್ದರು. ಧಾರವಾಡದ ಕಡೆಯವರು, ಸಣ್ಣ ವಯಸ್ಸು, ಬೆಳಗಿನಿಂದ ಚಹಾ ಕೂಡ ಕುಡಿದಿರಲಿಲ್ಲ. ನಾನು ಮೈಕಿಗೆ ಬಾಯಿಟ್ಟೆ: "ಡಾಕ್ಟ್ರೇ, ನಿಮ್ಮ ಮಸಾಲೆ ದೋಸೆ ರೆಡಿ ಇದೆ. ಇಲ್ಲಿಗೇ ಬರಬೇಕು. ಪಾರ್ಸೆಲ್ ಕೊಡುವುದಿಲ್ಲ!" ಎಲ್ಲರೂ ನಕ್ಕು ದಾರಿ ಬಿಟ್ಟರು.

"ಎಲ್ಲೈತ್ರೀ ನನ್ನ ದೋಸಿ?"

"ದೋಸೆ ಮೇಲಿದೆ, ನೀವು ಒಂಚೂರು ಕೆಳಗೆ ನೋಡ್ಬೇಕು" ಎಂದೆ. ಅವರು ನನ್ನ ಮುಖ ನೋಡಿದರು, ಮಾವನ ಕಾಲು ನೋಡಿದರು, ಮರುಮಾತಾಡದೆ ಕೈಗವಸು ಹಾಕಿಕೊಂಡು ಕೌಂಟರಿನ ಹಿಂದೆ ಕುಕ್ಕರುಗಾಲಲ್ಲಿ ಕೂತರು. ಮೇಜಿಗೆ ಸುತ್ತಿದ ಬಿಳಿ ಬಟ್ಟೆ ಅವರನ್ನು ಮರೆಮಾಡಿತು. ಮೇಲೆ ಮಾವ ಹೊಯ್ಯುತ್ತಲೇ ಇದ್ದ, ನಾನು ಪ್ಲೇಟು ದಾಟಿಸುತ್ತಲೇ ಇದ್ದೆ, ಸಾಲು ಚಟ್ನಿ ಕೇಳುತ್ತಲೇ ಇತ್ತು.

"ರಬ್ಬರ್ ಬ್ಯಾಂಡ್ ಯಾರ್ ಹಾಕ್ಯಾರ್ರೀ ಇದಕ್ಕ? ರಕ್ತ ಹೆಂಗ ಓಡಾಡ್ಬೇಕು?" ಕೆಳಗಿನಿಂದ ಸ್ವರ ಬಂತು. "ದಿನಾ ಎಷ್ಟ ತಾಸು ನಿಂದಿರ್ತೀರಿ?"

"ನಿಲ್ಲುದು ಅಂತ ಬೇರೆ ಲೆಕ್ಕ ಇಲ್ಲ ಡಾಕ್ಟ್ರೇ. ಮಲಗುದು ಬಿಟ್ರೆ ಉಳಿದದ್ದೆಲ್ಲ ನಿಲ್ಲುದೇ."

ಬಿಡುವಿದ್ದ ಎಡಗೈಯ ಬೆರಳು ಚುಚ್ಚಿ ಸಕ್ಕರೆ ನೋಡಿದರು. ಬಂದ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಲಿಲ್ಲ, ಯಂತ್ರವನ್ನು ನನ್ನ ಕಡೆ ತಿರುಗಿಸಿದರು. ಎದ್ದು ನಿಂತು, ದನಿ ತಗ್ಗಿಸಿ ನನಗೆ ಹೇಳಿದರು: "ನಿಂತು ನಿಂತು ನರ ಉಬ್ಬ್ಯಾವ. ಮ್ಯಾಲೆ ಸಕ್ಕರಿ. ನಾಳಿ ಮುಂಜಾನೆನ ದೊಡ್ಡ ದವಾಖಾನಿಗೆ ಕರ್ಕೊಂಡ ಹೋಗ್ರಿ. ಮುಂದಿನ ವಾರ ಅಂದ್ರ ಪಾದ ಉಳೀತೈತೋ ಇಲ್ಲೋ ನಾ ಹೇಳಂಗಿಲ್ಲ." ದೋಸೆ ಮುಟ್ಟಲಿಲ್ಲ.

ಮಾವನಿಗೆ ಎಲ್ಲ ಕೇಳಿಸಿತ್ತು. "ನಾಳೆ ಆಗುದಿಲ್ಲ" ಎಂದ. "ಸೋಮವಾರ ಹಿಟ್ಟು ಹೆಚ್ಚು."

"ಕಾಲು ಹೋಗ್ತದಂತೆ ಮಾವಾ!"

"ಕಾವಲಿ ಹೋದ್ರೆ ಕಾಲು ಇಟ್ಕೊಂಡು ಎಂತ ಮಾಡುದು? ಧಣಿ ಬಾಯಿಂದ ರಜೆ ಅಂತ ಬರ್ಲಿ, ಹೋಗುವಾ." ಧಣಿ ಆಗ ಬ್ಯಾನರಿನ ಮುಂದೆ ಫೋಟೊಕ್ಕೆ ನಿಂತಿದ್ದರು. ನಾನು ಹೋಗಿ ಹೇಳಬಹುದಿತ್ತು. ಮಾವ ನನ್ನ ತೋಳು ಬಿಡಲಿಲ್ಲ.

ಅದೇ ದಿನ ಮಧ್ಯಾಹ್ನ ಮೂರು ಗಂಟೆ. ಮಾವ ಕಾವಲಿ ಸಮೇತ ತುರ್ಭೆಗೆ ವಾಪಸಾಗಿದ್ದ. ಹೋಟೆಲಿನಲ್ಲಿ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ಮುಂಚಿನ ಹೊತ್ತು. ಧಣಿ ಮನೆಗೆ ಹೋಗಿ ಮಲಗುತ್ತಾರೆ, ಕೆಲಸದವರು ಸ್ವಲ್ಪ ಕಾಲು ಚಾಚುತ್ತಾರೆ. ನಾನು ಐರೋಲಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಹೋಟೆಲಿನ ಗಲ್ಲಾಪೆಟ್ಟಿಗೆಯ ಬಳಿಯ ಫೋನಿಗೆ ಮಾಡಿದೆ. ಗಂಟಲು ಸರಿಪಡಿಸಿ ಧಣಿಯ ಸ್ಟೀಲ್ ಲೋಟದ ಸ್ವರ ತಂದುಕೊಂಡೆ.

"ಏನುಂಟು ಅಂದ್ರೆ, ದೋಸೆಯವನಿಗೆ ನಾಳೆಯಿಂದ ರಜೆ. ಬೇರೆಯವನನ್ನು ನಿಲ್ಸು."

"ಆಯ್ತು ಧಣಿ" ಎಂದ ಹೋಟೆಲಿನ ಮ್ಯಾನೇಜರ್, ಎದ್ದು ನಿಂತ ಸದ್ದು ಕೂಡ ಕೇಳಿಸಿತು.

"ಅವನಿಗೆ ಫೋನ್ ಕೊಡು." ಮಾವ ಬಂದ. "ಏನುಂಟು ಅಂದ್ರೆ, ಕಾಲು ಹೇಗುಂಟು ನಿಂದು? ಆಸ್ಪತ್ರೆಗೆ ಹೋಗು. ಆರೋಗ್ಯ ಮೊದಲು, ಉಳಿದದ್ದು ಆಮೇಲೆ. ಕಾವಲಿ ಎಲ್ಲಿಗೂ ಹೋಗುದಿಲ್ಲ."

"ಆಯ್ತು ಧಣಿ" ಎಂದ ಮಾವ.

ಸೋಮವಾರ ಬೆಳಿಗ್ಗೆ ನಾನು ಆಫೀಸಿಗೆ ಹೊಟ್ಟೆನೋವು ಎಂದು ಹೇಳಿ, ಥಾಣೆ ಕಡೆಯ ಒಂದು ಸರಕಾರಿ ಆಸ್ಪತ್ರೆಯಲ್ಲಿ ಮಾವನೊಂದಿಗೆ ಕೇಸ್‌ಪೇಪರಿನ ಸಾಲಿನಲ್ಲಿದ್ದೆ. ನಿಂತು ಬಂದ ಕಾಯಿಲೆಗೆ ನಿಂತೇ ಚೀಟಿ ಮಾಡಿಸಬೇಕು. ನಮ್ಮ ಮುಂದೆ ಬೆನ್ನು ಹಿಡಿದುಕೊಂಡ ತುರ್ಭೆಯ ಲೋಡರ್, ಅವನ ಮುಂದೆ ಮುಂಬ್ರಾದಿಂದ ಕೂಸನ್ನು ಎತ್ತಿಕೊಂಡು ಬಂದ ಹೆಂಗಸು. ಎಲ್ಲರೂ ಆ ದಿನದ ಕೆಲಸ ಬಿಟ್ಟು ಬಂದವರು. ನಮ್ಮ ಶಿಬಿರದಲ್ಲಿ ಇವರಲ್ಲಿ ಒಬ್ಬರೂ ಇರಲಿಲ್ಲ. ನನ್ನ ಕಿತ್ತಳೆ ವೃತ್ತದ ನಡುವೆ ಇರಬೇಕಾದವರು ಇಲ್ಲಿ ಗೋಡೆಗೆ ಒರಗಿ ಆಕಳಿಸುತ್ತಿದ್ದರು.

"ನಿನ್ನೆ ಧಣಿ ಫೋನ್ ಮಾಡಿದ್ರು" ಎಂದ ಮಾವ, ಗೋಡೆ ನೋಡುತ್ತ.

"ಹೌದಾ? ಒಳ್ಳೆ ಮನುಷ್ಯ."

"ಸ್ವರ ಅವರದ್ದೇ. ಒಂದು ಕೂದಲು ಆಚೀಚೆ ಇರ್ಲಿಲ್ಲ." ನನಗೆ ಸ್ವಲ್ಪ ಹೆಮ್ಮೆಯಾಯಿತು. "ಆದ್ರೆ ಇಷ್ಟು ವರ್ಷದಲ್ಲಿ 'ಹಿಟ್ಟು ಹೇಗುಂಟು' ಅಂತ ಕೇಳಿದ್ದಾರೆ, 'ಚಟ್ನಿ ಹೇಗುಂಟು' ಅಂತ ಕೇಳಿದ್ದಾರೆ. 'ಕಾಲು ಹೇಗುಂಟು' ಅಂತ ಕೇಳಿದ್ದಿಲ್ಲ ಮಾರಾಯ. ಅಲ್ಲಿ ನೀನು ಸಿಕ್ಕಿಬಿದ್ದೆ."

"ಗೊತ್ತಾದ್ರೂ ಬಂದೆಯಲ್ಲ?"

"ಮ್ಯಾನೇಜರಿಗೆ ಗೊತ್ತಾಗ್ಲಿಲ್ಲ ಅಲ್ವಾ. ಸಾಕು."

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಅಸಲಿ ಧಣಿ.

"ನಿನ್ನೆ ಫೋನ್ ಮಾಡಿದ್ದು ನೀನಾ?"

"ಹೌದು. ಆದ್ರೆ ಮಾತು ನಿಮ್ಮದೇ. ಮೈಕಿನಲ್ಲಿ ನೀವೇ ಹೇಳಿದ್ರಲ್ಲ, ಆರೋಗ್ಯ ಮೊದಲು ಅಂತ."

"ಅದು ಭಾಷಣ ಮಾರಾಯ, ಇದು ಹೋಟೆಲು! ಗಿರಾಕಿಗಳು ದೋಸೆ ವಾಪಸ್ ಕಳಿಸ್ತಾ ಇದ್ದಾರೆ. ಎಂತ ಗಾಯ ಅವನಿಗೆ? ನನಗೆ ಯಾಕೆ ಹೇಳ್ಲಿಲ್ಲ?"

"ನಿಮ್ಮ ಬೋರ್ಡು ಓದ್ತಾನೆ ಅವನು, ದಿನಾ."

"ಯಾವ ಕಾಲು?" ಎಂದರು. 'ಏನುಂಟು ಅಂದ್ರೆ' ಇಲ್ಲದೆ ಶುರುವಾದ ಅವರ ಒಂದು ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಎಡಗಾಲು ಎಂದೆ. ನಮ್ಮ ಸರದಿ ಬಂತು. "ಧಣಿ, ಉಳಿದದ್ದು ಆಮೇಲೆ ಬೈಯಿರಿ" ಎಂದು ಇಟ್ಟೆ.

ಪಾದ ಉಳಿಯಿತು. ಆದರೆ ಮೂರು ದಿನಕ್ಕೊಮ್ಮೆ ಬಂದು ಪಟ್ಟಿ ಬದಲಿಸಬೇಕು, ನಿಲ್ಲಬಾರದು, ಕೂತಾಗ ಕಾಲು ಎತ್ತರದಲ್ಲಿಡಬೇಕು. ದೋಸೆಯವನಿಗೆ ನಿಲ್ಲಬೇಡ ಎನ್ನುವುದು ಮೀನಿಗೆ ಒದ್ದೆಯಾಗಬೇಡ ಎಂದ ಹಾಗೆ. ಧಣಿ ಬೇರೆಯವನನ್ನು ಕಾವಲಿಗೆ ನಿಲ್ಲಿಸಿ, ಮಾವನಿಗೆ ಹಿಟ್ಟು ನೋಡುವ ಕೆಲಸ ಕೊಟ್ಟು, ಒಂದು ಸ್ಟೂಲ್ ತರಿಸಿದರು. ಮಾವ ಅದರ ಮೇಲೆ ಟವೆಲ್ ಒಣಗಿಸುತ್ತಾನೆ. ಬೋರ್ಡು ಹಾಗೆಯೇ ಇದೆ. ಮುಂದಿನ ಶಿಬಿರವನ್ನು ವಾರದ ನಡುವೆ, ಮಧ್ಯಾಹ್ನ ಮೂರಕ್ಕೆ, ತುರ್ಭೆಯಲ್ಲೇ ಮಾಡೋಣ ಎಂದು ಸಮಿತಿಯಲ್ಲಿ ಹೇಳಿದೆ. ಆ ಹೊತ್ತಿಗೆ ಮುಖ್ಯ ಅತಿಥಿ ಸಿಗುವುದಿಲ್ಲವಂತೆ. ಮುಖ್ಯ ಅತಿಥಿಗೆ ಕಾಲು ನೋವುಂಟೋ ಎಂದು ಕೇಳಿದೆ. ವಿಷಯ ಪರಿಶೀಲನೆಯಲ್ಲಿದೆ.

ನನ್ನ ತಲೆ ಕೆಡಿಸುವುದು ಇದೆಲ್ಲ ಅಲ್ಲ. ಪಟ್ಟಿ ಬದಲಿಸಿಕೊಂಡು ಥಾಣೆಯಿಂದ ತುರ್ಭೆಗೆ ವಾಪಸಾಗುವ ಹೊತ್ತಿಗೆ ಮಧ್ಯಾಹ್ನವಾಗಿರುತ್ತದೆ, ಲೋಕಲ್ ಖಾಲಿ. ಡಬ್ಬಿಯ ತುಂಬ ಸೀಟು. ಮಾವ ಹತ್ತಿದವನೇ ಬಾಗಿಲ ಬಳಿಯ ಕಂಬ ಹಿಡಿದು ನಿಲ್ಲುತ್ತಾನೆ! ಕೂತುಕೋ ಎಂದರೆ, "ಎರಡು ಸ್ಟೇಷನ್‌ಗೆ ಎಂತ ಕೂರುದು" ಎನ್ನುತ್ತಾನೆ. ಎರಡಲ್ಲ, ಐದು. ಮೊನ್ನೆ ಡಾಕ್ಟರ ಸ್ವರದಲ್ಲಿ ಹೇಳಿ ನೋಡಿದೆ, ಧಣಿಯ ಸ್ವರದಲ್ಲಿ ಹೇಳಿ ನೋಡಿದೆ, ರೈಲಿನ ಅನೌನ್ಸ್‌ಮೆಂಟ್ ಹೆಂಗಸಿನ ಸ್ವರದಲ್ಲೂ ಹೇಳಿದೆ. ಬೇರೆ ಪ್ರಯಾಣಿಕರು ನಕ್ಕರು, ಒಬ್ಬ ಮುದುಕ ಪಕ್ಕದ ಖಾಲಿ ಸೀಟು ತಟ್ಟಿ ಕರೆದ. ಮಾವ ಕಂಬ ಬಿಡಲಿಲ್ಲ. ರಬಾಳೆ ದಾಟುವ ಹೊತ್ತಿಗೆ ನನಗೆ ಸಾಕುಬೇಕಾಯಿತು. ಕಣ್ಣು ಮುಚ್ಚಿ ಅಮ್ಮನನ್ನು ಕರೆತಂದೆ:

"ಕೂತ್ಕೊಳ್ಳೋ ಮಂಗ! ಕಾಲು ಹೋದ ಮೇಲೆ ನನ್ನ ಮನೆ ಮೆಟ್ಲು ಯಾರು ಹತ್ತುದು, ನಿನ್ನ ಅಜ್ಜನಾ?"

ಮಾವ ಕಂಬ ಬಿಟ್ಟು ತಟ್ಟನೆ ಕೂತ. ಒಂದು ಕ್ಷಣ ಸುತ್ತ ನೋಡಿದ, ಅಕ್ಕ ಎಲ್ಲಿಂದ ಬಂದಳೆಂದು. ಆಮೇಲೆ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಎದುರಿನ ಸೀಟಿನ ಮೇಲಿಟ್ಟ.

"ಇದು ಸರಿ" ಎಂದ. "ಇದು ಅಕ್ಕ ಹೇಳುವ ಮಾತೇ."